ಟಿಕೆಟ್ ಕೊಡೋ ಅಧಿಕಾರ ವೋಟರ್ ಕೈಗೆ ಬಂದ್ರೆ: ಅಮೆರಿಕದ ಪ್ರೈಮರಿಗಳು ಲೀಡರ್‌ಗಳಿಗೆ ಯಾರ ಭಯ ಹುಟ್ಟಿಸ್ತವೆ?

2020ರ ಜೂನ್ ಮೊದಲ ವಾರ, ನ್ಯೂಯಾರ್ಕ್‌ನ ಬ್ರಾಂಕ್ಸ್. ಪೊಲೀಸರ ಕೈಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಊರೆಲ್ಲ ಪ್ರತಿಭಟನೆ, ಕೆಲವು ಕಡೆ ಅಂಗಡಿ ಒಡೆದಿದ್ರು, ಅದರ ಬಗ್ಗೆ ಸ್ಥಳೀಯ ಲೀಡರ್‌ಗಳೆಲ್ಲ ಸೇರಿ ಪ್ರೆಸ್ ಮುಂದೆ ನಿಂತಿದ್ರು. ಅಲ್ಲಿಗೆ ಬಂದಿದ್ದ ಸಂಸದ ಎಲಿಯಟ್ ಎಂಗೆಲ್ ತನಗೂ ಮಾತಾಡೋಕೆ ಒಂದು ಚಾನ್ಸ್ ಕೊಡಿ ಅಂತ ಕೇಳ್ತಾ, ಮೈಕ್ ಆನ್ ಇರೋದು ಗೊತ್ತಿಲ್ದೆ ಒಂದು ಮಾತು ಹೇಳ್ಬಿಟ್ರು: "ನಂಗೆ ಪ್ರೈಮರಿ ಇಲ್ದೇ ಇದ್ದಿದ್ರೆ ನಾನು ತಲೆ ಕೆಡಿಸ್ಕೋತಾನೇ ಇರ್ಲಿಲ್ಲ." ಆಮೇಲೆ ನಾನು ಹೇಳಿದ್ದು ಆ ಅರ್ಥದಲ್ಲಲ್ಲ ಅಂತ ಸಮಜಾಯಿಷಿ ಕೊಟ್ರು, ಆದ್ರೆ ವಿಡಿಯೋ ಅಷ್ಟೊತ್ತಿಗೆ ಎಲ್ಲಾ ಕಡೆ ಓಡಾಡ್ತಿತ್ತು. ಮೂರು ವಾರ ಆದ್ಮೇಲೆ ಜೂನ್ 23ಕ್ಕೆ ಪ್ರೈಮರಿ, ಅಂದ್ರೆ ಪಾರ್ಟಿ ಟಿಕೆಟ್ ಯಾರಿಗೆ ಅಂತ ವೋಟರ್‌ಗಳೇ ತೀರ್ಮಾನ ಮಾಡೋ ಚುನಾವಣೆ ನಡೀತು, ಜಮಾಲ್ ಬೋಮನ್ ಅನ್ನೋ ಮಿಡ್ಲ್ ಸ್ಕೂಲ್ ಪ್ರಿನ್ಸಿಪಾಲ್ ಕೈಲಿ ಎಂಗೆಲ್ ಭಾರಿ ಅಂತರದಲ್ಲಿ ಸೋತ್ರು.

ಎಲ್ಲರೂ ಆ ಮಾತಿಗೆ ನಕ್ರು, ಬೈದ್ರು. ನಂಗೆ ಮಾತ್ರ ಪ್ರೈಮರಿ ಬಗ್ಗೆ ಯಾವ ಪ್ರೊಫೆಸರೂ ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಹೇಳಿರಲ್ಲ ಅನ್ಸತ್ತೆ. ಎಂಗೆಲ್ 1989ರಿಂದ ಹೌಸ್‌ನಲ್ಲಿ, ಅಂದ್ರೆ ಅಮೆರಿಕ ಸಂಸತ್ತಿನ ಕೆಳಮನೇಲಿ ಇದ್ರು, ವಿದೇಶಾಂಗ ಸಮಿತಿಯ ಚೇರ್ಮನ್ ಬೇರೆ, ಕ್ಷೇತ್ರ ನೋಡಿದ್ರೆ ಡೆಮಾಕ್ರಟಿಕ್ ಪಾರ್ಟಿಯ ಭದ್ರಕೋಟೆ, ಅಲ್ಲಿ ಪಾರ್ಟಿಗಳ ನಡುವಿನ ನವೆಂಬರ್ ಚುನಾವಣೆ ಅಂದ್ರೆ ಬರೀ ಶಾಸ್ತ್ರಕ್ಕೆ. ಅಂಥ ಮನುಷ್ಯ ಎರಡು ವರ್ಷದಲ್ಲಿ ಭಯ ಪಡಬೇಕಾದ ದಿನ ಒಂದೇ, ಅದು ಪಾರ್ಟಿಯ ಒಳಗಿನ ಈ ಚುನಾವಣೆ ದಿನ. ಆ ದಿನ ಇಲ್ದಿದ್ರೆ ಆ ಪ್ರೆಸ್ ಮೀಟ್‌ಗೂ ಅವರು ಬರ್ತಿದ್ರೋ ಇಲ್ವೋ. ಕೋವಿಡ್ ಶುರುವಾದಾಗ ಅವ್ರ ಕ್ಷೇತ್ರದ ನ್ಯೂ ರೋಷೆಲ್ ದೇಶದಲ್ಲೇ ಮೊದಮೊದಲು ಸೋಂಕು ಹಬ್ಬಿದ ಜಾಗಗಳಲ್ಲಿ ಒಂದು, ಆಗ ಅವರು ವಾರಗಟ್ಟಲೆ ವಾಷಿಂಗ್ಟನ್ ಕಡೆನೇ ಇದ್ರು ಅಂತ ವರದಿ ಬಂದಿತ್ತು, ಅದೂ ಪ್ರಚಾರದಲ್ಲಿ ದೊಡ್ಡ ಇಶ್ಯೂ ಆಯ್ತು.

ಹಾಗಾದ್ರೆ ಪ್ರೈಮರಿ ಅಂದ್ರೆ ಏನು ಅಂತ ಮೊದಲು ನೋಡೋಣ, ಯಾಕಂದ್ರೆ ಅಧ್ಯಕ್ಷರ ಚುನಾವಣೆ ಟೈಮಲ್ಲಿ ಟಿವಿಲಿ ಬರೋ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಗಲಾಟೆನೇ ಪ್ರೈಮರಿ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಅದು ಒಂದು ಭಾಗ ಅಷ್ಟೇ. ಹೌಸ್, ಮೇಲ್ಮನೆ ಸೆನೆಟ್, ಗವರ್ನರ್, ರಾಜ್ಯದ ಶಾಸಕ, ಎಷ್ಟೋ ಕಡೆ ಶೆರಿಫ್‌ವರೆಗೂ ಇದೇ ಪದ್ಧತಿ. ನವೆಂಬರ್‌ನಲ್ಲಿ ಪಾರ್ಟಿ ಹೆಸರಲ್ಲಿ ಯಾರು ನಿಲ್ಬೇಕು ಅನ್ನೋದನ್ನ ಕೆಲವು ತಿಂಗಳು ಮೊದಲೇ ವೋಟರ್‌ಗಳು ವೋಟ್ ಹಾಕಿ ತೀರ್ಮಾನ ಮಾಡ್ತಾರೆ. ಸಾಮಾನ್ಯವಾಗಿ ಇದನ್ನ ನಡೆಸೋದು ಸರ್ಕಾರ, ಬೂತು, ಬ್ಯಾಲಟ್ಟು, ಎಣಿಕೆ ಎಲ್ಲಾ ಸರ್ಕಾರಿ ಖರ್ಚು. ಪಾರ್ಟಿಯ ದೊಡ್ಡೋರು ತಮ್ಮ ಇಷ್ಟದ ಕ್ಯಾಂಡಿಡೇಟ್‌ಗೆ ಬೆಂಬಲ ಘೋಷಿಸ್ಬಹುದು, ದುಡ್ಡು ಹೊಂದಿಸ್ಬಹುದು, ಫೋನ್ ಮಾಡಿ ಬೇರೆಯೋರನ್ನ ಹಿಂದೆ ಸರಿ ಅಂತ ಹೆದರಿಸ್ಬಹುದು, ಆದ್ರೆ ಗೆದ್ದು ಬಂದೋನಿಗೆ ಪಾರ್ಟಿ ಹೆಸರು ಕೊಡಲ್ಲ ಅನ್ನೋಕೆ ಆಗಲ್ಲ. ಹೈಕಮಾಂಡ್ ಅಂತ ಒಂದು ಇದ್ರೂ ಅದರ ಕೈಲಿ ಟಿಕೆಟ್ ಪುಸ್ತಕ ಇಲ್ಲ. ಈ ಒಂದು ವಿಷಯದಲ್ಲಿ ಅಮೆರಿಕ ಮಿಕ್ಕ ಬಹುಪಾಲು ಪ್ರಜಾಪ್ರಭುತ್ವಗಳಿಗಿಂತ ಬೇರೆನೇ ಜಾತಿ.

ಸುಮ್ನೆ ನಿಂತ್ಕೋಬಹುದಾ ಅಂದ್ರೆ ಅದೂ ಇಲ್ಲ. ಕೆಲವು ರಾಜ್ಯದಲ್ಲಿ ಫೀ ಕಟ್ಟಿದ್ರೆ ಆಯ್ತು, ಕೆಲವು ಕಡೆ ಸಹಿ ಬೇಕು. ನ್ಯೂಯಾರ್ಕಲ್ಲಿ ಹೌಸ್ ಪ್ರೈಮರಿಗೆ ನಿಲ್ಲೋಕೆ ಸಾಮಾನ್ಯವಾಗಿ 1,250 ಸಹಿ ಬೇಕು, ಅದೂ ಅದೇ ಕ್ಷೇತ್ರದಲ್ಲಿ ಅದೇ ಪಾರ್ಟಿಗೆ ಹೆಸರು ನೋಂದಾಯಿಸಿರೋರದ್ದು, ಅದೂ ಕೆಲವೇ ವಾರದೊಳಗೆ. ಹಳೇ ಲೀಡರ್ ಕಡೆ ವಕೀಲರು ಒಂದೊಂದು ಸಹಿನೂ ಹಿಡ್ಕೊಂಡು ಇವನ ವಿಳಾಸ ತಪ್ಪು, ಇವಳು ಬೇರೆ ಕಡೆನೂ ಸಹಿ ಹಾಕಿದಾಳೆ ಅಂತ ತಗಾದೆ ತೆಗೀತಾರೆ, ಅದಕ್ಕೆ ಬುದ್ಧಿ ಇರೋರು ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಸಹಿ ಗುಡ್ಡೆ ಹಾಕ್ಕೊಂಡೇ ಹೋಗೋದು.

ಇನ್ನು ವೋಟ್ ಯಾರು ಹಾಕಬಹುದು ಅನ್ನೋದು. ಇಲ್ಲೇ ಇಡೀ ಆಟ ಇರೋದು. ಕ್ಲೋಸ್ಡ್ ಪ್ರೈಮರಿ ಅಂದ್ರೆ ಆ ಪಾರ್ಟಿಗೆ ಮೊದಲೇ ಹೆಸರು ಕೊಟ್ಟೋರಿಗೆ ಮಾತ್ರ, ನ್ಯೂಯಾರ್ಕ್ ಹಾಗೇ. ಅಲ್ಲಿ 2016ರಲ್ಲಿ ಒಂದು ತಮಾಷೆ ನಡೀತು, ಪಾರ್ಟಿ ಬದಲಾಯಿಸೋ ಕೊನೇ ದಿನಾಂಕ ಹಿಂದಿನ ವರ್ಷ ಅಕ್ಟೋಬರ್‌ನಲ್ಲೇ ಮುಗಿದುಹೋಗಿತ್ತು, ಹಾಗಾಗಿ ಡೊನಾಲ್ಡ್ ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್‌ಗೇ ಅಪ್ಪಂಗೆ ಪ್ರೈಮರಿಲಿ ವೋಟ್ ಹಾಕೋಕೆ ಆಗ್ಲಿಲ್ಲ. ಓಪನ್ ಪ್ರೈಮರಿಲಿ ಯಾರು ಬೇಕಾದ್ರೂ ಆ ದಿನ ಬಂದು ಯಾವುದೋ ಒಂದು ಪಾರ್ಟಿಯ ಬ್ಯಾಲಟ್ ಕೇಳಿ ತಗೋಬಹುದು. ನಡುವೆ ಇನ್ನೊಂದಿಷ್ಟು ಬಗೆ ಇದೆ, ಯಾವ ಪಾರ್ಟಿಗೂ ಸೇರದೋರಿಗೆ ಮಾತ್ರ ಬಾಗಿಲು ತೆಗೆಯೋದು ಹೀಗೆ. ವಾಷಿಂಗ್ಟನ್ ರಾಜ್ಯ ಮತ್ತು ಕ್ಯಾಲಿಫೋರ್ನಿಯಾ ಪಾರ್ಟಿ ಪ್ರೈಮರಿನೇ ಎತ್ತಿಹಾಕಿ ಎಲ್ಲರನ್ನೂ ಒಂದೇ ಬ್ಯಾಲಟ್‌ಗೆ ಹಾಕಿ ಮೊದಲ ಇಬ್ಬರನ್ನ ನವೆಂಬರ್‌ಗೆ ಕಳಿಸ್ತವೆ, ಇಬ್ಬರೂ ಒಂದೇ ಪಾರ್ಟಿಯವರಾದ್ರೂ ಸರಿ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈ ಪದ್ಧತಿ ಎಲ್ಲಿಂದ ಬಂತು ಅನ್ನೋದೂ ಜವಾಬ್ದಾರಿಯ ಕಥೆನೇ. ಮೊದಲೆಲ್ಲ ಅಲ್ಲೂ ಕ್ಯಾಂಡಿಡೇಟ್‌ಗಳನ್ನ ಆರಿಸ್ತಿದ್ದಿದ್ದು ಕನ್ವೆನ್ಷನ್ ಅನ್ನೋ ಪಾರ್ಟಿ ಸಭೆಗಳಲ್ಲಿ, ಅಂದ್ರೆ ಡೆಲಿಗೇಟ್ ಅನ್ನೋ ಪ್ರತಿನಿಧಿಗಳು, ಅಂದ್ರೆ ಡೆಲಿಗೇಟ್‌ಗಳನ್ನ ಜೇಬಲ್ಲಿಟ್ಕೊಂಡಿದ್ದ ಬಾಸ್‌ಗಳು. ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್ 1896ರಲ್ಲೂ 1898ರಲ್ಲೂ ಗವರ್ನರ್ ಟಿಕೆಟ್‌ಗೆ ಪ್ರಯತ್ನ ಪಟ್ಟು ಕನ್ವೆನ್ಷನ್‌ನಲ್ಲಿ ಸೋತ್ರು, ದುಡ್ಡು ಕೊಟ್ಟು ಡೆಲಿಗೇಟ್‌ಗಳನ್ನ ಕೊಂಡ್ಕೊಂಡ್ರು ಅನ್ನೋದು ಅವರ ಆರೋಪ. ಮೂರನೇ ಸಲ ಗೆದ್ದು ಗವರ್ನರ್ ಆದೋರು ಈ ಕನ್ವೆನ್ಷನ್ ಸಹವಾಸನೇ ಬೇಡ, ನೇರವಾಗಿ ಜನ ಆರಿಸ್ಲಿ ಅಂತ 1903ರಲ್ಲಿ ಕಾನೂನು ಮಾಡಿಸಿದ್ರು, ಮುಂದಿನ ವರ್ಷ ಜನ ಅದಕ್ಕೆ ವೋಟ್ ಹಾಕಿ ಒಪ್ಪಿಗೆ ಕೊಟ್ರು. ಆಮೇಲೆ ಒಂದೂವರೆ ದಶಕದಲ್ಲಿ ಬಹುಪಾಲು ರಾಜ್ಯಗಳು ಯಾವುದೋ ಒಂದು ರೂಪದಲ್ಲಿ ಇದೇ ದಾರಿ ಹಿಡಿದ್ವು.

ಅಧ್ಯಕ್ಷರ ಮಟ್ಟದಲ್ಲಿ ಮಾತ್ರ ಬಾಸ್‌ಗಳ ಕೈ 1968ರವರೆಗೂ ಬಿಡ್ಲಿಲ್ಲ. ಆ ವರ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿ ಕಣಕ್ಕೇ ಇಳೀದೆ ಡೆಮಾಕ್ರಟಿಕ್ ಟಿಕೆಟ್ ತಗೊಂಡ್ರು, ಹೊರಗೆ ಶಿಕಾಗೋ ಬೀದಿಲಿ ಪೊಲೀಸ್ರು ವಿಯೆಟ್ನಾಂ ಯುದ್ಧ ವಿರೋಧಿ ಹುಡುಗರಿಗೆ ಲಾಠಿಲಿ ಬಾರಿಸ್ತಿದ್ರು, ನವೆಂಬರ್‌ನಲ್ಲಿ ನಿಕ್ಸನ್ ಗೆದ್ರು. ಆ ಅವಮಾನದಿಂದ ಹುಟ್ಟಿದ್ದೇ ಮೆಕ್‌ಗವರ್ನ್ ಫ್ರೇಸರ್ ಕಮಿಷನ್, ಅದರ ಹೊಸ ನಿಯಮಗಳಿಂದ 1972ರ ಹೊತ್ತಿಗೆ ಡೆಲಿಗೇಟ್‌ಗಳ ಆಯ್ಕೆ ವೋಟರ್ ಕಡೆ ವಾಲ್ತು. ಆ ವರ್ಷ ಟಿಕೆಟ್ ಗೆದ್ದಿದ್ದು ಅದೇ ಕಮಿಷನ್ ಮುನ್ನಡೆಸಿದ್ದ ಜಾರ್ಜ್ ಮೆಕ್‌ಗವರ್ನ್, ನವೆಂಬರ್‌ನಲ್ಲಿ 50 ರಾಜ್ಯದಲ್ಲಿ 49 ಸೋತ್ರು. ಪಾರ್ಟಿ ದೊಡ್ಡೋರು "ನೋಡಿದ್ರಾ, ನಾವು ಹೇಳಿರ್ಲಿಲ್ವಾ" ಅಂತ 1984ರಿಂದ ಸೂಪರ್ ಡೆಲಿಗೇಟ್ ಅನ್ನೋ ಹೆಸರಲ್ಲಿ, ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದೆ ವೋಟ್ ಹಾಕೋ ಹಕ್ಕು ತಗೊಂಡು, ಹಿಂಬಾಗಿಲಿಂದ ವಾಪಸ್ ಬಂದ್ರು. 2016ರಲ್ಲಿ ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ಕಡೆಯೋರ ಟಿಕೆಟ್ ಜಗಳ ಆದ್ಮೇಲೆ 2018ರಲ್ಲಿ, ಪೈಪೋಟಿ ಇದ್ರೆ ಅವರಿಗೆ ಮೊದಲ ಸುತ್ತಲ್ಲಿ ವೋಟ್ ಇಲ್ಲ ಅಂತ ಮಾಡಿದ್ರು. ಈ ಎಳೆದಾಟ ಮುಗಿಯೋದಲ್ಲ ಬಿಡಿ.

ಇದರ ನಡುವೆ ಒಂದು ಕೊಳಕು ಅಧ್ಯಾಯ ಇದೆ, ಪ್ರೈಮರಿ ಹೊಗಳೋರು ಅದನ್ನ ಬೇಗ ದಾಟಿ ಹೋಗ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ದಶಕಗಟ್ಟಲೆ ಡೆಮಾಕ್ರಟಿಕ್ ಪಾರ್ಟಿ ಒಂದೇ ಗೆಲ್ತಿದ್ದಿದ್ದು, ಹಾಗಾಗಿ ಅಲ್ಲಿ ಪ್ರೈಮರಿ ಗೆದ್ದೋನೇ ರಾಜ. ಕಪ್ಪು ಜನರಿಗೆ ವೋಟ್ ಇಲ್ಲ ಅಂತ ಸಂವಿಧಾನದ ಪ್ರಕಾರ ಹೇಳೋ ಹಾಗಿಲ್ಲ, ಅದಕ್ಕೆ ಟೆಕ್ಸಾಸ್‌ನಲ್ಲಿ ಏನು ಮಾಡಿದ್ರು ಅಂದ್ರೆ, ಪಾರ್ಟಿ ಅನ್ನೋದು ಖಾಸಗಿ ಸಂಘ, ನಮ್ಮ ಪ್ರೈಮರಿಲಿ ಬಿಳಿಯರು ಮಾತ್ರ ಅಂತ ನಿಯಮ ಮಾಡ್ಕೊಂಡ್ರು. ನವೆಂಬರ್‌ನಲ್ಲಿ ಬಂದು ವೋಟ್ ಹಾಕಿ ಬೇಡ ಅನ್ನಲ್ಲ, ಆದ್ರೆ ಅಷ್ಟರಲ್ಲಿ ಎಲ್ಲಾ ತೀರ್ಮಾನ ಆಗಿರ್ತಿತ್ತು. ಸ್ಮಿತ್ ವರ್ಸಸ್ ಆಲ್‌ರೈಟ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ರದ್ದು ಮಾಡಿದ್ದು 1944ರಲ್ಲಿ. ಅಲ್ಲಿವರೆಗೂ ಆ ಲೀಡರ್‌ಗಳು ಪ್ರೈಮರಿಗೆ ಹೆದರ್ತಾನೇ ಇದ್ರು, ಅವರನ್ನ ಪ್ರಶ್ನೆ ಮಾಡೋ ವೋಟರ್ ಕೂಡ ಇದ್ದ, ಬರೀ ಬಿಳಿ ವೋಟರ್. ಹಾಗಾಗಿ ಪ್ರೈಮರಿಯಿಂದ ಜವಾಬ್ದಾರಿ ಬರತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಯಾರಿಗೆ ಜವಾಬ್ದಾರಿ ಅಂತ. ಈ ಲೇಖನದಲ್ಲಿ ನಂಗೆ ಹೇಳೋಕಿರೋದೂ ಹೆಚ್ಚು ಕಮ್ಮಿ ಇಷ್ಟೇ, ಮಿಕ್ಕಿದ್ದು ಅದಕ್ಕೆ ಸಾಕ್ಷಿ.

ಈಗಿನ ಕಾಲಕ್ಕೆ ಬರೋಣ. ಹೌಸ್‌ನ 435 ಸೀಟಲ್ಲಿ ನವೆಂಬರ್‌ನಲ್ಲಿ ನಿಜವಾದ ಪೈಪೋಟಿ ಇರೋದು ಕೆಲವೇ ಡಜನ್ ಕಡೆ. ಕ್ಷೇತ್ರದ ಗೆರೆ ಎಳೆಯೋದ್ರಲ್ಲಿ ನಡೆಯೋ ಕೈಚಳಕ ಒಂದು ಕಾರಣ, ಒಂದೇ ರೀತಿ ಯೋಚನೆ ಮಾಡೋ ಜನ ಒಂದೇ ಕಡೆ ಮನೆ ಮಾಡ್ಕೊಳ್ಳೋದು ಇನ್ನೊಂದು. ಮಿಕ್ಕ ಕಡೆ ಪ್ರೈಮರಿನೇ ಅಸಲಿ ಚುನಾವಣೆ. ಲಂಚ ತಿಂದ, ಕ್ಷೇತ್ರಕ್ಕೆ ಮುಖ ತೋರಿಸದ, ವಯಸ್ಸಾಗಿ ಕೆಲಸ ಮಾಡೋಕಾಗದ ಸದಸ್ಯನನ್ನ ತೆಗೀಬೇಕು ಅಂದ್ರೆ, ಆ ಕ್ಷೇತ್ರದ ಡೆಮಾಕ್ರಟ್ ವೋಟರ್ ರಿಪಬ್ಲಿಕನ್‌ಗೆ ವೋಟ್ ಹಾಕಲ್ಲ, ರಿಪಬ್ಲಿಕನ್ ವೋಟರ್ ಡೆಮಾಕ್ರಟ್‌ಗೆ ಹಾಕಲ್ಲ. ತನ್ನ ಸಿದ್ಧಾಂತ ಬಿಟ್ಕೊಡದೆ ತನ್ನ ಲೀಡರ್‌ನ ಮಾತ್ರ ಮನೆಗೆ ಕಳಿಸೋಕೆ ಇರೋ ದಾರಿ ಪ್ರೈಮರಿ ಒಂದೇ. ಈ ವಾದ ಗಟ್ಟಿ ಇದೆ, ಪ್ರೈಮರಿ ಬೇಡ ಅನ್ನೋರ ಹತ್ರ ಇದಕ್ಕೆ ಒಳ್ಳೇ ಉತ್ತರ ಇರೋದನ್ನ ನಾನು ನೋಡಿಲ್ಲ.

ಎಂಗೆಲ್ ಕ್ಷೇತ್ರದಲ್ಲೇ ಇದು ನಡೆದಿದೆ, ಅದೂ ಎಂಗೆಲ್ ಪರವಾಗಿ! 1988ರಲ್ಲಿ ಅಲ್ಲಿದ್ದ ಮಾರಿಯೋ ಬಿಯಾಜಿ ಅನ್ನೋ ಹಳೇ ಹುಲಿ ಭ್ರಷ್ಟಾಚಾರದ ಕೇಸಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿ ರಾಜೀನಾಮೆ ಕೊಟ್ಟಿದ್ರು, ಆದ್ರೂ ಹೆಸರು ಬ್ಯಾಲಟ್ ಮೇಲೆ ಹಾಗೇ ಉಳಿದಿತ್ತು, ಆ ಪ್ರೈಮರಿಲಿ ಅವರನ್ನ ಸೋಲಿಸಿ ಬಂದಿದ್ದೇ ಎಂಗೆಲ್. ಪ್ರೈಮರಿಯಿಂದ ಬಂದೋರು ಪ್ರೈಮರಿಯಿಂದಲೇ ಹೋದ್ರು. ಬೋಮನ್ ಕಥೆನೂ ಹಾಗೇ ಆಯ್ತು, ಅದು ಆಮೇಲೆ.

ಈಗ ಅಂಕಿ ನೋಡಿದ್ರೆ ಒಂದು ಅನುಮಾನ ಬರತ್ತೆ. ಮತ್ತೆ ನಿಲ್ಲೋ ಹಾಲಿ ಸಂಸದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಪ್ರೈಮರಿ ಗೆದ್ದೇ ಗೆಲ್ತಾರೆ, ಎಷ್ಟೋ ಜನಕ್ಕೆ ಎದುರಾಳಿನೇ ಇರಲ್ಲ. ಸೋಲೋರು ಇಷ್ಟು ಕಮ್ಮಿ ಅಂದ್ರೆ ಇದೆಂಥಾ ಅಂಕುಶ? ಆದ್ರೆ ಸೋಲಿನ ಲೆಕ್ಕ ಇಟ್ರೆ ಸಾಲ್ದು, ಭಯದ ಲೆಕ್ಕ ಇಡಬೇಕು. ಒಬ್ಬ ಸೋತ್ರೆ ಅದನ್ನ ನೋಡಿ ನೂರು ಜನ ತಮ್ಮ ನಡೆ ಬದಲಾಯಿಸ್ಕೋತಾರೆ, ಸೋಲ್ತೀನಿ ಅಂತ ವಾಸನೆ ಹೊಡೆದೋರು ಮೊದಲೇ ರಿಟೈರ್ ಆಗ್ತೀನಿ ಅಂತಾರೆ, ಅದ್ಯಾವುದೂ ಅಂಕಿಲಿ ಕಾಣಲ್ಲ.

2014ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಎರಿಕ್ ಕ್ಯಾಂಟರ್ ಸೋತಾಗ ಆಗಿದ್ದು ಅದೇ. ಆತ ಹೌಸ್‌ನ ಮೆಜಾರಿಟಿ ಲೀಡರ್, ರಿಪಬ್ಲಿಕನ್ನರಲ್ಲಿ ಎರಡನೇ ಸ್ಥಾನ, ಸ್ಪೀಕರ್ ಆಗೋಕೆ ಕಾಯ್ತಿದ್ದ ಮನುಷ್ಯ. 50 ಲಕ್ಷ ಡಾಲರ್ ಮೇಲೆ ಖರ್ಚು ಮಾಡಿದ್ರು. ಎದುರಿಗಿದ್ದ ಡೇವ್ ಬ್ರಾಟ್ ಒಂದು ಚಿಕ್ಕ ಕಾಲೇಜಿನ ಎಕನಾಮಿಕ್ಸ್ ಪ್ರೊಫೆಸರ್, ಅದರ ಒಂದು ಸಣ್ಣ ಪಾಲೂ ಖರ್ಚು ಮಾಡಿರ್ಲಿಲ್ಲ, ವಲಸೆ ವಿಷಯ ಹಿಡ್ಕೊಂಡು ಬಾರಿಸಿ ಸುಮಾರು 11 ಪರ್ಸೆಂಟ್ ಅಂತರದಲ್ಲಿ ಗೆದ್ರು. ಆಮೇಲೆ ಹೌಸ್‌ನಲ್ಲಿ ರಿಪಬ್ಲಿಕನ್ನರು ವಲಸೆ ಸುಧಾರಣೆ ಮಸೂದೆ ಮುಟ್ಟೋಕೇ ಹೋಗ್ಲಿಲ್ಲ. ಒಟ್ಟು ವೋಟ್ ಹಾಕಿದ್ದು ಸುಮಾರು 65 ಸಾವಿರ ಜನ, ಕ್ಷೇತ್ರದ ಜನಸಂಖ್ಯೆ ಏಳು ಲಕ್ಷದ ಮೇಲೆ. ಆ 65 ಸಾವಿರ ಜನರ ಒಂದು ದಿನದ ವೋಟು ಇಡೀ ದೇಶದ ಒಂದು ಕಾನೂನಿನ ದಿಕ್ಕನ್ನೇ ತಿರುಗಿಸ್ತು. ಕ್ಯಾಂಟರ್ ಬೆಂಬಲಿಗರಿಗೆ ಇದು ಅನ್ಯಾಯ ಅನ್ಸಬಹುದು, ಆದ್ರೆ ಲೀಡರ್ ಕ್ಷೇತ್ರ ಮರೆತು ವಾಷಿಂಗ್ಟನ್‌ನಲ್ಲೇ ದೊಡ್ಡೋರಾಗಿದ್ರು ಅನ್ನೋ ದೂರು ಎಡಕ್ಕೂ ಬಲಕ್ಕೂ ಇತ್ತು.

ನಾಲ್ಕು ವರ್ಷ ಬಿಟ್ಟು 2018ರಲ್ಲಿ ಡೆಮಾಕ್ರಟ್ ಕಡೆ ಅದೇ ಕಥೆ. ಜೋ ಕ್ರೌಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ಪಾರ್ಟಿ ಬಾಸ್, ಹೌಸ್ ಡೆಮಾಕ್ರಟ್‌ಗಳಲ್ಲಿ ನಾಲ್ಕನೇ ಸ್ಥಾನ, 2004ರಿಂದ ಅವರಿಗೆ ಪ್ರೈಮರಿಲಿ ಎದುರಾಳಿನೇ ಇರ್ಲಿಲ್ಲ. 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೋ ಕೊರ್ಟೆಜ್ ನಿಂತ್ಕೊಂಡಾಗ ಒಂದು ಡಿಬೇಟ್‌ಗೆ ತಾನು ಹೋಗದೆ ತನ್ನ ಪರವಾಗಿ ಬೇರೆಯೋರನ್ನ ಕಳಿಸಿದ್ರು, ಅಷ್ಟು ನಿರ್ಲಕ್ಷ್ಯ. ಸೋತ್ರು. ವೋಟ್ ಹಾಕಿದ್ದು ಮೂವತ್ತು ಸಾವಿರದ ಆಸುಪಾಸು, ಇಷ್ಟು ಕಮ್ಮಿ ಜನ ಬರೋ ಚುನಾವಣೆ ವರ್ಷಾನುಗಟ್ಟಲೆ ಕ್ರೌಲಿ ಥರದೋರಿಗೇ ಅನುಕೂಲ ಆಗಿತ್ತು, ಪಾರ್ಟಿ ಕಾರ್ಯಕರ್ತರು ಬಂದು ಹಾಕಿದ್ರೆ ಸಾಕು, ಮಿಕ್ಕೋರು ಮಲಗಿರ್ತಿದ್ರು. ಒಂದು ಸಲ ಬೇರೆಯೋರು ಮನೆಮನೆ ತಟ್ಟಿ ಜನ ಎಬ್ಬಿಸಿದ ತಕ್ಷಣ ಅದೇ ಕಮ್ಮಿ ಸಂಖ್ಯೆ ತಿರುಗಿ ಹೊಡೀತು.

ಇಂಡಿಯಾನಾದ ರಿಚರ್ಡ್ ಲೂಗರ್ ಕೇಸು ಇನ್ನೂ ಸ್ವಾರಸ್ಯ. 1977ರಿಂದ ಸೆನೆಟರ್, ಅಣ್ವಸ್ತ್ರ ಕಡಿತದ ವಿಷಯದಲ್ಲಿ ಎರಡೂ ಪಾರ್ಟಿಯೋರು ಗೌರವಿಸೋ ಹೆಸರು. 2012ರಲ್ಲಿ ಹೊರಗೆ ಬಂತು, ಅವರ ವೋಟರ್ ವಿಳಾಸ ಮೂರು ದಶಕದ ಹಿಂದೆನೇ ಮಾರಿದ್ದ ಮನೇದು! ರಾಜ್ಯದಲ್ಲಿ ಸ್ವಂತ ಮನೇನೇ ಇಲ್ಲ. ಪ್ರೈಮರಿಲಿ ರಿಚರ್ಡ್ ಮರ್ಡಾಕ್ ಕೈಲಿ ಸುಮಾರು 20 ಪರ್ಸೆಂಟ್ ಅಂತರದ ಸೋಲು. ಆದ್ರೆ ಆ ಮರ್ಡಾಕ್ ನವೆಂಬರ್ ಮೊದಲು ಅತ್ಯಾಚಾರ ಮತ್ತು ಗರ್ಭಪಾತದ ಬಗ್ಗೆ ಬಾಯಿಗೆ ಬಂದಂಗೆ ಮಾತಾಡಿ ರಿಪಬ್ಲಿಕನ್ ಸೀಟನ್ನ ಡೆಮಾಕ್ರಟ್ ಜೋ ಡಾನೆಲಿಗೆ ಒಪ್ಪಿಸಿದ್ರು. ಅಂದ್ರೆ ಪ್ರೈಮರಿ ವೋಟರ್ ಲೂಗರ್‌ನ ಶಿಕ್ಷಿಸಿದ್ರು, ನವೆಂಬರ್ ವೋಟರ್ ಪ್ರೈಮರಿ ವೋಟರನ್ನೇ ಶಿಕ್ಷಿಸಿದ್ರು.

ಈಗ ನಾನು ಬಹಳ ಮುಖ್ಯ ಅಂದ್ಕೊಂಡಿರೋ ಉದಾಹರಣೆ. 2021ರ ಜನವರಿಲಿ ಸಂಸತ್ ಭವನ ಕ್ಯಾಪಿಟಲ್ ಮೇಲೆ ಟ್ರಂಪ್ ಬೆಂಬಲಿಗರ ದಾಳಿ ಆದ್ಮೇಲೆ ಟ್ರಂಪ್ ವಿರುದ್ಧ ದೋಷಾರೋಪಕ್ಕೆ ಹತ್ತು ಜನ ರಿಪಬ್ಲಿಕನ್ ಸಂಸದರು ವೋಟ್ ಹಾಕಿದ್ರು. ನಾಲ್ಕು ಜನ ಮತ್ತೆ ನಿಲ್ಲಲೇ ಇಲ್ಲ. ನಾಲ್ಕು ಜನ 2022ರ ಪ್ರೈಮರಿಲಿ ಸೋತ್ರು, ವಯೋಮಿಂಗ್‌ನ ಲಿಜ್ ಚೆನಿ ಅಂತೂ 37 ಪರ್ಸೆಂಟ್ ಅಂತರದಲ್ಲಿ. ಉಳಿದಿದ್ದು ಇಬ್ಬರೇ, ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್, ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವ್. ಎಲ್ಲರನ್ನೂ ಒಂದೇ ಬ್ಯಾಲಟ್‌ಗೆ ಹಾಕಿ ಮೊದಲ ಇಬ್ಬರನ್ನ ಕಳಿಸೋ ರಾಜ್ಯಗಳು ಅಂತ ಮೇಲೆ ಹೇಳಿದ್ನಲ್ಲ, ಇವೇ. ಹಾಗಂತ ಅದು ಮಂತ್ರದಂಡ ಅಂದ್ಕೋಬೇಡಿ, ಅದೇ ವಾಷಿಂಗ್ಟನ್‌ನಲ್ಲಿ ಆ ಹತ್ತು ಜನರಲ್ಲೇ ಒಬ್ಬರಾದ ಹೆರೆರಾ ಬ್ಯೂಟ್ಲರ್ ಸ್ವಲ್ಪದರಲ್ಲಿ ಮೂರನೇ ಸ್ಥಾನಕ್ಕೆ ಜಾರಿ ಸೋತ್ರು. ಆದ್ರೂ ಹತ್ತು ಜನ ಹಾಕಿದ್ದು ಒಂದೇ ವೋಟು, ಮಾಡಿದ್ದು ಒಂದೇ ಕೆಲಸ, ಕೇಳಿಸ್ಕೊಂಡ ಬೈಗುಳನೂ ಒಂದೇ, ಸೀಟು ಉಳಿಸ್ಕೊಂಡಿದ್ದು ಮಾತ್ರ ಪಾರ್ಟಿ ಪ್ರೈಮರಿ ಇಲ್ಲದ ಕಡೆಯ ಇಬ್ಬರು. ಚೆನಿ ಸೋಲು ಜವಾಬ್ದಾರಿನಾ ಅಥವಾ ಸೇಡಾ ಅಂತ ನೀವು ಯಾವ ಕಡೆ ಅನ್ನೋದರ ಮೇಲೆ ವಾದ ಮಾಡ್ಬಹುದು. ವಯೋಮಿಂಗ್‌ನ ರಿಪಬ್ಲಿಕನ್ ವೋಟರ್ ಪ್ರಕಾರ ಆಕೆ ತಮ್ಮ ಮಾತಿಗೆ ವಿರುದ್ಧ ನಡೆದ್ರು, ತೆಗೆದ್ರು, ಪದ್ಧತಿ ಮಾಡಬೇಕಾದ ಕೆಲಸನೇ ಮಾಡ್ತು. ನಂಗೆ ಆ ಸೋಲು ಇಷ್ಟ ಆಗ್ಲಿಲ್ಲ, ಆದ್ರೆ ಕ್ರೌಲಿ ಸೋತಾಗ ಜನಶಕ್ತಿ, ಚೆನಿ ಸೋತಾಗ ಹುಚ್ಚುತನ ಅಂತ ಹೇಳೋದು ಪ್ರಾಮಾಣಿಕ ಅಲ್ಲ.

ಪ್ರಾಬ್ಲಂ ಇರೋದು ಬರೋ ಜನರ ಸಂಖ್ಯೆಲಿ. ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷದ ಪ್ರೈಮರಿಗಳಲ್ಲಿ ಅರ್ಹ ವೋಟರ್‌ಗಳಲ್ಲಿ ಐದರಲ್ಲಿ ಒಬ್ಬರು ಬಂದ್ರೆ ಹೆಚ್ಚು. ಬರೋರು ವಯಸ್ಸಾದೋರು, ರಾಜಕೀಯ ತಲೆಗೆ ಹಚ್ಕೊಂಡೋರು. ಇವರೇ ಸಿಕ್ಕಾಪಟ್ಟೆ ಉಗ್ರವಾದಿಗಳು ಅಂತ ಒಂದು ಜನಪ್ರಿಯ ಮಾತಿದೆ, ಸಂಶೋಧಕರಲ್ಲಿ ಅದರ ಬಗ್ಗೆ ಒಮ್ಮತ ಇಲ್ಲ, ಪ್ರೈಮರಿ ವೋಟರ್‌ಗೂ ಅದೇ ಪಾರ್ಟಿಯ ಮಿಕ್ಕ ವೋಟರ್‌ಗೂ ಅಭಿಪ್ರಾಯದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲ್ಲ ಅನ್ನೋ ಅಧ್ಯಯನಗಳೂ ಇವೆ. ಆದ್ರೆ ಲೀಡರ್‌ಗಳು ಅಧ್ಯಯನ ಓದ್ಕೊಂಡು ಕೂರಲ್ಲ, ಯಾರು ಜೋರಾಗಿ ಕೂಗ್ತಾರೋ ಅವರಿಗೆ ಹೆದರ್ತಾರೆ. ಜೊತೆಗೆ ಬೇರೆ ಬೇರೆ ರಾಜ್ಯದಲ್ಲಿ ಬೇರೆ ಬೇರೆ ದಿನ, ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೂ, ಪಕ್ಕದ ರಾಜ್ಯದಲ್ಲಿ ಪ್ರೈಮರಿ ಮುಗಿದಿರೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ನ್ಯೂಯಾರ್ಕಲ್ಲಿ ಕೆಲವು ವರ್ಷ ಸಂಸದರ ಪ್ರೈಮರಿ ಜೂನ್‌ನಲ್ಲಿ, ರಾಜ್ಯ ಶಾಸಕರ ಪ್ರೈಮರಿ ಸೆಪ್ಟೆಂಬರ್‌ನಲ್ಲಿ ಅಂತ ಬೇರೆ ಬೇರೆ ಇಟ್ಟಿದ್ರು, ಎರಡನ್ನೂ ಒಂದೇ ದಿನಕ್ಕೆ ತಂದಿದ್ದು 2019ರಲ್ಲಿ. ಜನ ಕಮ್ಮಿ ಬರ್ಲಿ ಅಂತ ಯಾರಾದ್ರೂ ಕೂತು ಪ್ಲಾನ್ ಮಾಡಿದ್ರೂ ಇದಕ್ಕಿಂತ ಚೆನ್ನಾಗಿ ಆಗ್ತಿರ್ಲಿಲ್ಲ.

ಕಮ್ಮಿ ಜನ ಬರೋ ಕಡೆ ಹೊರಗಿನ ದುಡ್ಡಿಗೆ ಬೆಲೆ ಜಾಸ್ತಿ. ಇಲ್ಲಿ ಬೋಮನ್ ಕಥೆ ಮತ್ತೆ ಬರತ್ತೆ. ಎಂಗೆಲ್‌ನ ಸೋಲಿಸಿ ಬಂದ ನಾಲ್ಕೇ ವರ್ಷಕ್ಕೆ, 2024ರ ಜೂನ್‌ನಲ್ಲಿ ಅವರೂ ಪ್ರೈಮರಿಲಿ ಸೋತ್ರು, ಗೆದ್ದಿದ್ದು ವೆಸ್ಟ್‌ಚೆಸ್ಟರ್ ಕೌಂಟಿಯ ಆಡಳಿತ ನಡೆಸ್ತಿದ್ದ ಜಾರ್ಜ್ ಲ್ಯಾಟಿಮರ್. ಇಸ್ರೇಲ್ ಪರ ಸಂಘಟನೆ ಐಪ್ಯಾಕ್‌ಗೆ ಸೇರಿದ ಸೂಪರ್ ಪ್ಯಾಕ್ (ಕ್ಯಾಂಡಿಡೇಟ್‌ನಿಂದ ಬೇರೆಯಾಗಿ, ಮಿತಿ ಇಲ್ದೆ ಪ್ರಚಾರಕ್ಕೆ ದುಡ್ಡು ಸುರಿಯೋ ಗುಂಪು) ಒಂದೇ 1.4 ಕೋಟಿ ಡಾಲರ್ ಮೇಲೆ ಸುರೀತು, ಹೌಸ್ ಪ್ರೈಮರಿಗಳ ಇತಿಹಾಸದಲ್ಲೇ ಅಷ್ಟು ದುಬಾರಿ ಇನ್ನೊಂದಿರ್ಲಿಲ್ಲ. ವಿಚಿತ್ರ ಏನಂದ್ರೆ ಆ ಜಾಹೀರಾತುಗಳಲ್ಲಿ ಇಸ್ರೇಲ್ ಮಾತು ಬಹಳ ಕಮ್ಮಿ, ಬೋಮನ್ ಬೈಡನ್‌ರ ಮೂಲಸೌಕರ್ಯ ಮಸೂದೆಗೆ ವಿರುದ್ಧ ವೋಟ್ ಹಾಕಿದ್ರು ಅನ್ನೋದೇ ಪ್ರಚಾರ. ದುಡ್ಡು ಬಂದ ಕಾರಣ ಒಂದು, ವೋಟರ್‌ಗೆ ಹೇಳಿದ ಕಾರಣ ಇನ್ನೊಂದು. ಹಾಗಂತ ಎಲ್ಲಾ ದುಡ್ಡಿನ ಆಟ ಅಂತ ಬರೆದ್ರೆ ಅದೂ ಅರ್ಧ ಸತ್ಯ. ಕ್ಷೇತ್ರದ ಗೆರೆ ಬದಲಾಗಿತ್ತು, ಲ್ಯಾಟಿಮರ್ ಅಲ್ಲಿ ದಶಕಗಳಿಂದ ಗೊತ್ತಿದ್ದ ಮುಖ, ಬೋಮನ್ 2023ರಲ್ಲಿ ಸಂಸತ್ತಿನ ಕಚೇರಿ ಕಟ್ಟಡದಲ್ಲಿ ಬೆಂಕಿ ಇಲ್ದೇ ಫೈರ್ ಅಲಾರಂ ಎಳೆದು ದಂಡ ಕಟ್ಟಿ ಹೌಸ್‌ನಿಂದ ಛೀಮಾರಿ ಹಾಕಿಸ್ಕೊಂಡಿದ್ರು. ಮನೆಯೊಳಗೆ ಇಷ್ಟು ಒಣಕಟ್ಟಿಗೆ ಇದ್ದಾಗ ಹೊರಗಿನ ಎಣ್ಣೆಗೆ ಕೆಲಸ ಸುಲಭ.

ದುಡ್ಡಿಗಿಂತ ನಾಚಿಕೆಗೇಡು ಅಂದ್ರೆ ಎದುರು ಪಾರ್ಟಿ ಕೈ ಹಾಕೋದು. 2012ರಲ್ಲಿ ಮಿಸ್ಸೌರಿಯ ಡೆಮಾಕ್ರಟ್ ಸೆನೆಟರ್ ಕ್ಲೇರ್ ಮೆಕಾಸ್ಕಿಲ್ ರಿಪಬ್ಲಿಕನ್ ಪ್ರೈಮರಿಲಿ ಟಾಡ್ ಏಕಿನ್ ಗೆಲ್ಲಲಿ ಅಂತ ತನ್ನ ಪ್ರಚಾರದ ದುಡ್ಡಲ್ಲೇ 17 ಲಕ್ಷ ಡಾಲರ್ ಆಸುಪಾಸು ಜಾಹೀರಾತಿಗೆ ಹಾಕಿದ್ರು, "ಈತ ಅತಿಯಾದ ಸಂಪ್ರದಾಯವಾದಿ" ಅಂತ ಬೈಯೋ ರೀತಿಲಿ ಹೊಗಳೋದು. ಏಕಿನ್ ಗೆದ್ದು, ಅತ್ಯಾಚಾರದ ಬಗ್ಗೆ ಹೇಸಿಗೆ ಹುಟ್ಟಿಸೋ ಮಾತಾಡಿ ನವೆಂಬರ್‌ನಲ್ಲಿ ಸೋತ್ರು, ಆಮೇಲೆ ಆಕೆ ಇದನ್ನ ಹೆಮ್ಮೆಯಿಂದ ತಾನೇ ಬರ್ಕೊಂಡ್ರು. 2022ರಲ್ಲಿ ಮಿಷಿಗನ್‌ನ ಪೀಟರ್ ಮೈಯರ್, ಆ ಹತ್ತು ಜನರಲ್ಲಿ ಒಬ್ಬರು, ಅವರ ಎದುರಾಳಿ ಜಾನ್ ಗಿಬ್ಸ್ ಹೆಸರು ಮೇಲೆ ಬರ್ಲಿ ಅಂತ ಡೆಮಾಕ್ರಟ್‌ಗಳ ಹೌಸ್ ಚುನಾವಣಾ ಸಮಿತಿ ನಾಲ್ಕು ಲಕ್ಷ ಡಾಲರ್ ಮೇಲೆ ಖರ್ಚು ಮಾಡ್ತು. ಮೈಯರ್ ಸೋತ್ರು, ಗಿಬ್ಸ್ ನವೆಂಬರ್‌ನಲ್ಲಿ ಡೆಮಾಕ್ರಟ್ ಎದುರು ಸೋತ್ರು, ಪ್ಲಾನ್ ಪಾಸಾಯ್ತು. ಪ್ರಜಾಪ್ರಭುತ್ವ ಉಳಿಸಿ ಅಂತ ಭಾಷಣ ಮಾಡ್ತಾ ಇದೇ ಕೆಲಸ ಮಾಡಿದ್ದಕ್ಕೆ ಅವರದೇ ಪಾರ್ಟಿಯೋರು ಕೆಲವರು ಉಗಿದ್ರು.

ಬೇರೆ ದೇಶದೋರು ಇದನ್ನ ಕಾಪಿ ಮಾಡೋಕೆ ಹೋಗಿದ್ದೂ ನೋಡೋ ಹಾಗಿದೆ. ಬ್ರಿಟನ್‌ನಲ್ಲಿ 2009ರ ಸಂಸದರ ಖರ್ಚಿನ ಹಗರಣ ಆದಾಗ ಟಾಟ್ನೆಸ್ ಕ್ಷೇತ್ರದ ಕನ್ಸರ್ವೇಟಿವ್ ಸಂಸದ ಮತ್ತೆ ನಿಲ್ಲಲ್ಲ ಅಂದ್ರು, ಆಗ ಪಾರ್ಟಿ ಕ್ಷೇತ್ರದ ಪ್ರತಿಯೊಬ್ಬ ವೋಟರ್‌ಗೂ, ಯಾವ ಪಾರ್ಟಿಯೋರಾದ್ರೂ ಸರಿ, ಅಂಚೆಲಿ ಬ್ಯಾಲಟ್ ಕಳಿಸ್ತು. ಕಾಲು ಭಾಗ ಜನ ವಾಪಸ್ ಕಳಿಸಿದ್ರು. ಗೆದ್ದಿದ್ದು ಸಾರಾ ವೊಲಾಸ್ಟನ್ ಅನ್ನೋ ಊರಿನ ಡಾಕ್ಟರ್. ಖರ್ಚು ಸುಮಾರು 38 ಸಾವಿರ ಪೌಂಡ್. ಸಂಸತ್ತಿಗೆ ಹೋದ ಮೇಲೆ ಆಕೆ ಪಾರ್ಟಿ ಮಾತಿಗಿಂತ ತನ್ನ ಬುದ್ಧಿಗೆ ತೋಚಿದ್ದನ್ನ ಹೇಳೋದು ಜಾಸ್ತಿ ಆಯ್ತು, 2019ರಲ್ಲಿ ಪಾರ್ಟಿನೇ ಬಿಟ್ರು. 2010ರ ಸಮ್ಮಿಶ್ರ ಸರ್ಕಾರ ಇಂಥ 200 ಪ್ರೈಮರಿಗೆ ದುಡ್ಡು ಕೊಡ್ತೀವಿ ಅಂತ ಬರೆದು ಕೊಟ್ಟಿತ್ತು, ಒಂದಕ್ಕೂ ಕೊಡ್ಲಿಲ್ಲ. ಯಾಕೆ ಅಂತ ಅವರು ಹೇಳ್ಬೇಕಿಲ್ಲ, ಪಾರ್ಟಿ ಹೇಳಿದಂಗೆ ಕೇಳದ ಸಂಸದರನ್ನ ಸರ್ಕಾರದ ಖರ್ಚಲ್ಲಿ ತಯಾರು ಮಾಡೋಕೆ ಯಾವ ಹೈಕಮಾಂಡ್‌ಗೆ ಮನಸ್ಸು ಬರತ್ತೆ?

ಅರ್ಜೆಂಟೀನಾ ಇನ್ನೊಂದು ತುದಿ. 2009ರ ಕಾನೂನಿಂದ ಎಲ್ಲಾ ಪಾರ್ಟಿಗೂ ಒಂದೇ ದಿನ ಪ್ರೈಮರಿ, ವೋಟ್ ಹಾಕೋದು ಕಡ್ಡಾಯ. ಜನ ಕಮ್ಮಿ ಬರ್ತಾರೆ ಅನ್ನೋ ಅಮೆರಿಕದ ರೋಗಕ್ಕೆ ಇದು ಮದ್ದು ಅನ್ಸತ್ತೆ, ಆದ್ರೆ ಪಾರ್ಟಿಗಳು ಏನು ಮಾಡಿದ್ವು, ಬಹಳ ಸಲ ಒಬ್ಬನೇ ಕ್ಯಾಂಡಿಡೇಟ್‌ನ ನಿಲ್ಲಿಸಿದ್ವು, ಆರಿಸೋಕೆ ಏನೂ ಇಲ್ಲ, ಪ್ರೈಮರಿ ಒಂದು ದೊಡ್ಡ ಸರ್ಕಾರಿ ಒಪೀನಿಯನ್ ಪೋಲ್ ಆಯ್ತು. 2019ರಲ್ಲಿ ಅಧ್ಯಕ್ಷ ಮಾಕ್ರಿ ಅದರಲ್ಲಿ ಭಾರಿ ಹಿಂದೆ ಬಿದ್ದ ಮಾರನೇ ದಿನ ಪೇಸೋ ಬೆಲೆ ಕುಸಿದುಬಿತ್ತು. 2025ರ ಚುನಾವಣೆಗೆ ಪ್ರೈಮರಿನೇ ಬೇಡ ಅಂತ ಅಮಾನತಲ್ಲಿಟ್ರು. ಫ್ರಾನ್ಸ್‌ನಲ್ಲಿ 2011ರ ಸೋಷಿಯಲಿಸ್ಟ್ ಪ್ರೈಮರಿ ಒಂದು ಯೂರೋ ಕೊಟ್ಟು, ಎಡಪಂಥದ ಮೌಲ್ಯ ಒಪ್ತೀನಿ ಅಂತ ಸಹಿ ಹಾಕಿದ್ರೆ ಯಾವ ವೋಟರ್ ಬೇಕಾದ್ರೂ ವೋಟ್ ಹಾಕಬಹುದಾಗಿತ್ತು, ಒಲಾಂದ್ ಅದರಿಂದ ಗೆದ್ದು ಅಧ್ಯಕ್ಷರೂ ಆದ್ರು. 2017ರಲ್ಲಿ ಅದೇ ಪಾರ್ಟಿಯ ಪ್ರೈಮರಿಲಿ ಸೋತ ಮಾನ್ಯುಯೆಲ್ ವಾಲ್ಸ್, ಗೆದ್ದೋನಿಗೆ ಬೆಂಬಲ ಕೊಡ್ತೀನಿ ಅಂತ ಮಾತು ಕೊಟ್ಟಿದ್ದು ಮರೆತು ಮ್ಯಾಕ್ರಾನ್ ಕಡೆ ಹೋದ್ರು. ಘಾನಾದಲ್ಲಿ ಬೇರೆ ಪಾಠ. ಕೆಲವೇ ಡೆಲಿಗೇಟ್‌ಗಳು ವೋಟ್ ಹಾಕೋವಾಗ ಒಬ್ಬೊಬ್ಬರಿಗೂ ದುಡ್ಡು, ಗಿಫ್ಟು ಕೊಟ್ಟು ಟಿಕೆಟ್ ಗೆಲ್ಲೋದು ಮಾಮೂಲಾಗಿತ್ತು, ಅದಕ್ಕೆ ಎರಡು ದೊಡ್ಡ ಪಾರ್ಟಿಗಳೂ ವೋಟ್ ಹಾಕೋರ ಸಂಖ್ಯೆ ಹೆಚ್ಚು ಮಾಡೋ ಕಡೆ ಹೋದ್ವು. ನೂರು ಜನರನ್ನ ಕೊಂಡ್ಕೊಳ್ಳೋದು ಸುಲಭ, ಹತ್ತು ಸಾವಿರ ಜನರನ್ನ ಕೊಂಡ್ಕೊಳ್ಳೋದು ಕಷ್ಟ, ಲಾ ಫಾಲೆಟ್ ಹೇಳಿದ್ದೂ ಇದನ್ನೇ.

ಹಾಗಾಗಿ ರಿಪೇರಿ ಮಾತಾಡೋದಾದ್ರೆ ನನ್ನ ಲೆಕ್ಕದಲ್ಲಿ ಪ್ರೈಮರಿ ಬೇಕಾ ಬೇಡ್ವಾ ಅನ್ನೋ ಚರ್ಚೆಯಿಂದ ಪ್ರಯೋಜನ ಇಲ್ಲ, ಭಯ ಹುಟ್ಟಿಸೋರ ಸಂಖ್ಯೆ ಹೇಗೆ ಹೆಚ್ಚು ಮಾಡೋದು ಅಂತ ನೋಡ್ಬೇಕು. ಅಲಾಸ್ಕಾ 2020ರಲ್ಲಿ ಒಂದು ದಾರಿ ಹಿಡೀತು: ಎಲ್ಲರೂ ಒಂದೇ ಬ್ಯಾಲಟ್, ಮೊದಲ ನಾಲ್ಕು ಜನ ನವೆಂಬರ್‌ಗೆ, ಅಲ್ಲಿ ವೋಟರ್ ಒಂದು ಎರಡು ಮೂರು ಅಂತ ಕ್ರಮ ಕೊಟ್ಟು ವೋಟ್ ಹಾಕೋದು. ಅಲ್ಲಿನ ಸೆನೆಟರ್ ಲೀಸಾ ಮರ್ಕೌಸ್ಕಿ 2010ರಲ್ಲಿ ಪಾರ್ಟಿ ಪ್ರೈಮರಿಲಿ ಸೋತು, ಬ್ಯಾಲಟ್ ಮೇಲೆ ಹೆಸರೇ ಇಲ್ದೆ, ಜನ ಕೈಯಲ್ಲಿ ಹೆಸರು ಬರೆದು ಗೆಲ್ಲಿಸಿದೋರು. 2021ರಲ್ಲಿ ಆ ದೋಷಾರೋಪ ಸೆನೆಟ್‌ಗೆ ಬಂದಾಗ ಟ್ರಂಪ್ ದೋಷಿ ಅಂತ ವೋಟ್ ಹಾಕಿದ ಏಳು ರಿಪಬ್ಲಿಕನ್ ಸೆನೆಟರ್‌ಗಳಲ್ಲಿ 2022ರಲ್ಲಿ ಚುನಾವಣೆ ಎದುರಿಸಿದ್ದು ಆಕೆ ಒಬ್ಬರೇ, ಹೊಸ ಪದ್ಧತಿಲಿ ಗೆದ್ರು, ಡೆಮಾಕ್ರಟ್ ವೋಟರ್‌ಗಳ ಎರಡನೇ ಆಯ್ಕೆ ಬಹಳ ಕೆಲಸಕ್ಕೆ ಬಂತು. ಹಳೇ ಪದ್ಧತಿಲಿ ಆಗಿದ್ರೆ ಕಷ್ಟ ಇತ್ತು. 2024ರಲ್ಲಿ ಇದನ್ನ ಕಿತ್ತುಹಾಕಿ ಅಂತ ಅಲ್ಲೇ ಜನಮತಗಣನೆ ನಡೀತು, ಸಾವಿರಕ್ಕಿಂತ ಕಮ್ಮಿ ವೋಟಲ್ಲಿ ಪದ್ಧತಿ ಉಳ್ಕೊಂತು.

ಲೂಯಿಸಿಯಾನಾ ಇದಕ್ಕೆ ಉಲ್ಟಾ ಹೊರಟಿದೆ. ಅಲ್ಲಿ 1970ರ ದಶಕದಿಂದ, ನಡುವೆ ಸ್ವಲ್ಪ ಕಾಲ ಬಿಟ್ರೆ, ಎಲ್ಲಾ ಪಾರ್ಟಿಯೋರೂ ಒಂದೇ ಬ್ಯಾಲಟ್‌ನಲ್ಲಿ ನಿಂತು ಯಾರಿಗೂ ಅರ್ಧ ದಾಟದಿದ್ರೆ ಮೊದಲ ಇಬ್ಬರ ನಡುವೆ ಇನ್ನೊಂದು ಸುತ್ತು. 2024ರ ಜನವರಿಲಿ ಮಾಡಿದ ಕಾನೂನಿನ ಪ್ರಕಾರ 2026ರಿಂದ ಸಂಸತ್ತಿನ ಸೀಟುಗಳಿಗೆ ಪಾರ್ಟಿ ಪ್ರೈಮರಿ, ಬೇರೆ ಪಾರ್ಟಿಗೆ ಹೆಸರು ಕೊಟ್ಟೋರಿಗೆ ಪ್ರವೇಶ ಇಲ್ಲ. ಆ ರಾಜ್ಯದ ಸೆನೆಟರ್ ಬಿಲ್ ಕ್ಯಾಸಿಡಿ ಆ ಏಳು ಜನರಲ್ಲಿ ಒಬ್ಬರು. 2020ರಲ್ಲಿ ಎಲ್ಲರಿಗೂ ವೋಟ್ ಇದ್ದಾಗ ಮೊದಲ ಸುತ್ತಲ್ಲೇ ಅರ್ಧಕ್ಕಿಂತ ಎಷ್ಟೋ ಮೇಲೆ ತಗೊಂಡು ಗೆದ್ದಿದ್ರು, ಅದಾದ್ಮೇಲೆ ಅವರ ಸೀಟಿನ ಚುನಾವಣೆ 2026ರದ್ದೇ. ರಾಜ್ಯ ಅದೇ, ಸೆನೆಟರೂ ಅದೇ, ಪ್ರಶ್ನೆ ಕೇಳೋರ ಪಟ್ಟಿಯಿಂದ ಲಕ್ಷಾಂತರ ಡೆಮಾಕ್ರಟ್ ಹೆಸರುಗಳನ್ನ ಮಾತ್ರ ಕಾನೂನು ಮೊದಲೇ ಹೊಡೆದುಹಾಕಿದೆ.